ಪಿಕಳಾರಕ್ಕೆ ಜುಟ್ಟು ಬಂದದ್ದು, ಬುಡ ಕೆಂಪಾದದ್ದು

ಆಗ ಲೋಕ ಇನ್ನೂ ಹೊಸದು. ಬೆಟ್ಟದ ಮೇಲೆ ಕೈಯಿಟ್ಟರೆ ಹಸಿಮಣ್ಣು ಅಂಟುತ್ತಿತ್ತು. ಹೊಳೆಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ "ಸಮುದ್ರಕ್ಕೆ ಹೋಗೋದು ಯಾವ ಕಡೆಗಪ್ಪಾ?" ಎಂದು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಎಷ್ಟು ಬೀಸಿದರೆ ಸಾಕೆಂಬ ಅಂದಾಜೇ ಇರಲಿಲ್ಲ. ಹೂವಿನ ಮೇಲಿನ ಧೂಳು ಊದಲು ಹೋಗಿ ಗಿಡವನ್ನೇ ಮಲಗಿಸಿಬಿಡುತ್ತಿತ್ತು.

ಆ ಹೊಸ ಲೋಕದಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಹೆಸರು ಪುಟ್ಟೀರಜ್ಜಿ. ಲೋಕವೇ ಹೊಸದಾಗಿರುವಾಗ ಅಜ್ಜಿ ಎಲ್ಲಿಂದ ಬಂದಳು ಎಂದು ಕೇಳಬೇಡಿ. ಅಜ್ಜಿಯಿಲ್ಲದೆ ಯಾವ ಲೋಕ ತಾನೇ ನಡೆದೀತು?

ಪುಟ್ಟೀರಜ್ಜಿಯ ಮನೆ ಚಿಕ್ಕದು, ಹಿತ್ತಲು ದೊಡ್ಡದು. ಒಂದು ಕಡೆ ಬದನೆ, ಒಂದು ಕಡೆ ಅವರೆ, ಬೇಲಿಯುದ್ದಕ್ಕೂ ಸೌತೆ, ನಡುವೆ ಬಿದಿರುಗಳ ಚಪ್ಪರ. ಚಪ್ಪರದ ಮೇಲೆ ಹೀರೆ, ಪಡವಲ, ಕುಂಬಳ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಹಬ್ಬಿದ್ದವು. ಹಿತ್ತಲ ಮೂಲೆಯಲ್ಲಿ ಒಂದು ಬೇವಿನ ಮರ. ಲೋಕ ಹೊಸದಲ್ಲವೇ, ಆ ಹಿತ್ತಲಿಗೆ ಆಗಾಗ ಹೊಸ ಹೊಸ ಗಿಡಗಳು ಬರುತ್ತಿದ್ದವು. ಒಂದು ದಿನ ನೆಲದಿಂದ ಎದ್ದು, "ನಾನೂ ಬಂದೆ ಕಣಜ್ಜಿ" ಎನ್ನುತ್ತಿದ್ದವು. ಅಜ್ಜಿ, "ಬಾರವ್ವ, ಅಲ್ಲೇ ಜಾಗ ಮಾಡ್ಕೊಂಡು ನಿಂತ್ಕೋ" ಎನ್ನುತ್ತಿದ್ದಳು.

ಆದರೆ ಹೊಸ ಕಾಯಿ ಬಿಟ್ಟರೆ ಅದನ್ನು ತಿನ್ನಬಹುದೋ ಬಾರದೋ ಎಂದು ಯಾರು ಹೇಳಬೇಕು?

ಅದಕ್ಕೊಂದು ಪದ್ಧತಿ ಇತ್ತು. ಅದರ ಹೆಸರು ರುಚಿ ಕೂಗುವುದು. ಹೊಸ ಕಾಯಿಯನ್ನು ಎಲ್ಲರಿಗಿಂತ ಮೊದಲು ಒಬ್ಬರು ತಿಂದು ನೋಡಿ, ಎತ್ತರದ ಕೊಂಬೆಯ ಮೇಲೆ ಕೂತು ರುಚಿಯನ್ನು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಉಳಿದವರು ಬಾಯಿ ಹಾಕುವುದು. ಸೌತೆ ತಂಪು ಎಂದು ಕೂಗಾದದ್ದು ಹಾಗೆ, ಹುಣಸೆ ಹುಳಿ ಎಂದು ಕೂಗಾದದ್ದೂ ಹಾಗೆಯೇ. ಒಮ್ಮೆ ಕೂಗಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕೂಗಿದ ಮಾತು ಕೂಗಿದ್ದೇ.

ರುಚಿ ಕೂಗುವ ಕೆಲಸ ಪಿಕಳಾರದ ಮನೆತನದ್ದು. ಪಿಕಳಾರ ಗೊತ್ತಲ್ಲ, ಕಪ್ಪು ತಲೆಯ, ಕಂದು ಮೈಯ ಹಕ್ಕಿ. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಆದರೆ ಆಗಿನ ಪಿಕಳಾರ ಈಗಿನ ಹಾಗಿರಲಿಲ್ಲ. ಅದರ ತಲೆ ಎಣ್ಣೆ ಹಚ್ಚಿ ಬಾಚಿದ ಹಾಗೆ ನುಣ್ಣಗಿತ್ತು. ಬಾಲದ ಕೆಳಗೆ ಹತ್ತಿಯ ಹಾಗೆ ಬೆಳ್ಳಗಿತ್ತು.

ಬಹಳ ಕಾಲ ರುಚಿ ಕೂಗಿದ್ದು ಮುದಿ ಪಿಕಳಾರ ತಾತ. ಅವನಿಗೆ ಒಂದು ಶಿಸ್ತಿತ್ತು. ಕಾಯಿಯ ಪಕ್ಕ ಕೂತು ಮೊದಲು ಮೆಲ್ಲಗೆ ಕೇಳುವನು, "ಆಯ್ತಾ?" ಕಾಯಿ "ಇನ್ನೂ ಇಲ್ಲ" ಎಂದರೆ, "ಸರಿ ಬಿಡವ್ವ, ನಾಳೆ ಬರ್ತೀನಿ" ಎಂದು ಎದ್ದು ಹೋಗುವನು. "ಆಯ್ತು" ಎಂದರೆ ಮಾತ್ರ ಕೊಕ್ಕಿಡುವನು. ಕಚ್ಚಿ, ಅಗಿದು, ನುಂಗಿ, ನಾಲಗೆ ಚಪ್ಪರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಆಮೇಲೆ ಕೂಗುವನು.

ತಾತನಿಗೆ ರೆಕ್ಕೆ ನೋವು ಬಂದಾಗ ಮೊಮ್ಮಗಳನ್ನು ಕರೆದ. ಮೊಮ್ಮಗಳ ಹೆಸರು ಹೂವಿ.

"ಇನ್ಮೇಲೆ ನೀನು ಕೂಗು ಮಗಾ. ನಂಗೆ ಮೇಲಿನ ಕೊಂಬೆಗೆ ಹತ್ತೋಕಾಗಲ್ಲ. ಒಂದು ಮಾತು ನೆನಪಿಟ್ಕೋ. ಕೇಳ್ದೆ ಕಚ್ಚಬೇಡ."

"ಆಯ್ತು ತಾತ, ಆಯ್ತು ತಾತ" ಎಂದಳು ಹೂವಿ. ಎರಡು ಸಲ ಆಯ್ತು ಎಂದವರು ಒಂದು ಸಲವೂ ಕೇಳಿಸಿಕೊಂಡಿರುವುದಿಲ್ಲ. ಅವಳ ಮನಸ್ಸೆಲ್ಲ ಆಗಲೇ ಎತ್ತರದ ಕೊಂಬೆಯ ಮೇಲಿತ್ತು.

ಆ ವರ್ಷ ಚಪ್ಪರಕ್ಕೆ ಹೊಸ ಬಳ್ಳಿಯೊಂದು ಬಂದಿತ್ತು. ಎಲೆ ನವಿರು, ಹೂವು ಹಳದಿ, ಬೆರಳುದ್ದದ ಹಸಿರು ಕಾಯಿ. ಅದೇ ಹಾಗಲಬಳ್ಳಿ. ಇಡೀ ಲೋಕದಲ್ಲಿ ಇದ್ದದ್ದು ಆ ಒಂದೇ ಬಳ್ಳಿ. ಕಾಯಿಯ ಮೈ ಆಗ ಬದನೆಕಾಯಿಯಷ್ಟೇ ನುಣ್ಣಗೆ ಹೊಳೆಯುತ್ತಿತ್ತು.

ಹೂವಿ ಮೊದಲ ಸಲ ರುಚಿ ಕೂಗುತ್ತಾಳೆಂದು ಎಲ್ಲರೂ ಬಂದು ಸೇರಿದರು. ಅಳಿಲುಗಳು ಬೇಲಿಯ ಮೇಲೆ ಕೂತವು. ಕಾಗೆ ಬಾವಿಯ ರಾಟೆಯ ಮೇಲೆ ಕೂತಿತು. ಅಜ್ಜಿ ಹಿತ್ತಲ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನೋಡು ನೋಡು, ತಾತನಿಗಿಂತ ಜೋರಾಗಿ ಕೂಗ್ತಾಳೇನೋ" ಎಂದಿತು ಕಾಗೆ.

ಅಷ್ಟು ಸಾಕಾಯಿತು. ಹೂವಿಗೆ ಎದೆ ಉಬ್ಬಿತು, ತಲೆ ತಿರುಗಿತು. ಸರ್ರನೆ ಹಾರಿ ಬಂದು ಹಾಗಲದ ಮೇಲೆ ಕೂತಳು. ಕೇಳಬೇಕಾದದ್ದನ್ನು ಕೇಳಲಿಲ್ಲ. ಹಾಗಲ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಕ್ಕಿನ ತುಂಬ ಕಚ್ಚಿಬಿಟ್ಟಿದ್ದಳು.

ಕಚ್ಚಿದ್ದಷ್ಟೇ. ಕಣ್ಣು ಮುಚ್ಚಿಕೊಂಡವು. ಕೊಕ್ಕು ಸೊಟ್ಟಗಾಯಿತು. ಒಂದು ರೆಕ್ಕೆ ಮೇಲಕ್ಕೆ, ಒಂದು ರೆಕ್ಕೆ ಕೆಳಕ್ಕೆ ಹೋಯಿತು. ಕಹಿ ನಾಲಗೆಯಿಂದ ಗಂಟಲಿಗೆ ಇಳಿಯಿತು, ಗಂಟಲಿಂದ ಹೊಟ್ಟೆಗೆ ಇಳಿಯಿತು, ಅಲ್ಲಿ ಜಾಗ ಸಾಲದೆ ತಿರುಗಿ ಮೇಲಕ್ಕೆ ಹತ್ತಿ ನೆತ್ತಿಗೆ ಮುಟ್ಟಿತು. ನೆತ್ತಿಯ ಮೇಲಿನ ಗರಿಗಳೆಲ್ಲ ಜುಮ್ಮೆಂದು ಎದ್ದು ನಿಂತವು.

"ಕಹಿ! ಕಹಿ! ಕಹೀ!"

ಬಾಯಲ್ಲಿದ್ದದ್ದನ್ನು ಉಗಿದು ಹೂವಿ ಎಂಥ ಕೂಗು ಕೂಗಿದಳೆಂದರೆ ಹೊಳೆ ಆಚೆಗಿದ್ದವರಿಗೂ ಕೇಳಿಸಿತು. ಹೊಳೆ ಅದನ್ನು ಹೊತ್ತುಕೊಂಡು ಮುಂದಿನ ಊರಿಗೆ ಹೇಳಿತು. ಗಾಳಿ ಗುಡ್ಡ ದಾಟಿಸಿ ಹೇಳಿತು. ಹೂವಿಯ ಮುಖ ನೋಡಿ ಹಿತ್ತಲೆಲ್ಲ ಬಿದ್ದು ಬಿದ್ದು ನಕ್ಕಿತು.

ಬೇವಿನ ಮರಕ್ಕೆ ಮಾತ್ರ ಬೇಸರವಾಯಿತು. "ಕಹಿಯಾದ್ರೆ ಏನ್ರಪ್ಪ ಈಗ? ಅದೂ ಒಂದು ರುಚೀನೇ. ಹಾಗಲ ಒಳ್ಳೇದು ಅಂತ ನಾನ್ ಹೇಳ್ತೀನಿ."

ಕಾಗೆ ರೆಕ್ಕೆ ಬಡಿದು ನಕ್ಕಿತು. "ಚೆನ್ನಾಗೈತೆ! ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ!"

ಎಲ್ಲರೂ ಇನ್ನೊಮ್ಮೆ ನಕ್ಕರು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿ ನಗುತ್ತಿರುವಾಗ ಹಾಗಲಕ್ಕೆ ನಾಚಿಕೆಯಿಂದ ಮೈಯೆಲ್ಲ ಮುಳ್ಳೆದ್ದಿತು. ನುಣುಪಾಗಿದ್ದ ಕಾಯಿಯ ಮೈ ತುಂಬ ಉಬ್ಬು ಉಬ್ಬು. ಆ ಉಬ್ಬು ಆಮೇಲೆ ಇಳಿಯಲೇ ಇಲ್ಲ.

ಇಳಿಯದೆ ಉಳಿದದ್ದು ಇನ್ನೊಂದಿತ್ತು. ಅದು ಹೂವಿಯ ನೆತ್ತಿಯ ಗರಿ.

ರೆಕ್ಕೆಯಿಂದ ಒತ್ತಿದಳು, ಎದ್ದಿತು. ಕೊಂಬೆಗೆ ತಿಕ್ಕಿದಳು, ಎದ್ದಿತು. ಹೊಳೆಗೆ ಹೋಗಿ ತಲೆ ಅದ್ದಿದಳು.

"ಹೊಳೆವ್ವ, ಹೊಳೆವ್ವ, ಇದನ್ನೊಂಚೂರು ಕೂರ್ಸೇ."

ಹೊಳೆ ಸುತ್ತಿ ಸುತ್ತಿ ತೊಳೆಯಿತು. "ಬಂಡೇನೇ ನುಣ್ಣಗೆ ಮಾಡೋಳು ನಾನು. ಇದೇನೇ ಇದು, ನಿನ್ನ ಜುಟ್ಟು ನನ್ನ ಮಾತೇ ಕೇಳ್ತಿಲ್ಲ!"

ಹೂವಿ ಗುಡ್ಡಕ್ಕೆ ಹೋಗಿ ಗಾಳಿಯ ಮುಂದೆ ಕೂತಳು.

"ಗಾಳಿಮಾವ, ಗಾಳಿಮಾವ, ಇದನ್ನೊಂಚೂರು ಬಾಚೋ."

ಗಾಳಿ ಮುಂದಿನಿಂದ ಬಾಚಿತು, ಹಿಂದಿನಿಂದ ಬಾಚಿತು. ಬಾಚುವ ಭರದಲ್ಲಿ ಹೂವಿಯನ್ನೇ ಕೊಂಬೆಯಿಂದ ಬೀಳಿಸಿತು. ಜುಟ್ಟು ಮಾತ್ರ ನೆಟ್ಟಗೆ ನಿಂತೇ ಇತ್ತು.

"ಜುಟ್ಟಿನ ಹೂವಿ ಬಂದ್ಲು, ಜುಟ್ಟಿನ ಹೂವಿ ಬಂದ್ಲು" ಎಂದು ಅಳಿಲುಗಳು ಹಾಡು ಕಟ್ಟಿದವು. ಹೂವಿಗೆ ಹಾಗಲದ ಮೇಲೆ ಕೆಟ್ಟ ಕೋಪ ಬಂತು. ಚಪ್ಪರದ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಗೂಡಿಗೆ ಬಂದಾಗ ತಾತ ಒಂದೇ ಮಾತು ಕೇಳಿದ.

"ಕೇಳ್ದ್ಯಾ ಮಗಾ, ಆಯ್ತಾ ಅಂತ?"

ಹೂವಿ ಕಾಲುಬೆರಳು ನೋಡಿಕೊಂಡು ಕೂತಳು. ತಾತ "ಹೂಂ" ಎಂದು ನೋಯುವ ರೆಕ್ಕೆಯನ್ನು ಕೊಕ್ಕಿನಿಂದ ಸವರಿಕೊಂಡ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ದಿನ ಕಳೆದವು. ಪುಟ್ಟೀರಜ್ಜಿ ಬೀಜಕ್ಕೆ ಕಾಯಿ ಬಿಡುವ ಕಾಲ ಬಂತು. ಪ್ರತಿ ಬಳ್ಳಿಯಲ್ಲೂ ಒಂದು ಒಳ್ಳೆಯ ಕಾಯಿ ನೋಡಿ, ಅದರ ತೊಟ್ಟಿಗೆ ಹಳೇ ಸೀರೆಯ ಚೂರೊಂದನ್ನು ಕಟ್ಟುವುದು ಅಜ್ಜಿಯ ರೂಢಿ. ಬಟ್ಟೆ ಕಟ್ಟಿದ ಕಾಯನ್ನು ಯಾರೂ ಕೀಳಬಾರದು. ಅದು ಬಲಿತು, ಒಣಗಿ, ಬೀಜವಾಗಿ, ಮುಂದಿನ ವರ್ಷ ಮತ್ತೆ ಚಪ್ಪರ ಹತ್ತುವ ಕಾಯಿ.

ಹೂವಿ ಬೇವಿನ ಕೊಂಬೆಯ ಮೇಲೆ ಕೂತು ನೋಡುತ್ತಿದ್ದಳು. ಅಜ್ಜಿ ಹೀರೆಗೆ ಒಂದು ಚೂರು ಕಟ್ಟಿದಳು. ಪಡವಲಕ್ಕೆ ಒಂದು ಚೂರು ಕಟ್ಟಿದಳು. ಸೌತೆಗೆ ಕಟ್ಟಿದಳು, ಕುಂಬಳಕ್ಕೆ ಕಟ್ಟಿದಳು. ಬಟ್ಟೆ ಕಟ್ಟಿಸಿಕೊಂಡ ಕಾಯಿಗಳು ಹಬ್ಬಕ್ಕೆ ಹೊಸ ಲಂಗ ಉಟ್ಟವರಂತೆ ಬೀಗಿದವು. ಹಾಗಲ ತಾನೂ ಎಲೆ ಸರಿಸಿ, ಇದ್ದುದರಲ್ಲಿ ದಪ್ಪನೆಯ ಕಾಯನ್ನು ಮುಂದಕ್ಕೆ ಚಾಚಿತು.

ಅಜ್ಜಿ ಬಂದಳು, ನಿಂತಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀನೂ ಮುದ್ದಾಗೇ ಇದ್ದೀಯ ಕಣವ್ವ. ಆದ್ರೆ ತಿನ್ನೋರೇ ಇಲ್ವಲ್ಲ, ಏನ್ ಮಾಡ್ಲಿ ಹೇಳು. ಬರೋ ವರ್ಷ ಈ ಜಾಗಕ್ಕೆ ತೊಂಡೆ ಹಬ್ಬಿಸ್ತೀನಿ. ಅವರೆ ಒಣಗಲಿ, ಆಮೇಲೆ ನಿನ್ನ ಕಿತ್ತು ಹಾಕ್ತೀನಿ. ಬೇಜಾರ್ ಮಾಡ್ಕೋಬೇಡ."

ಅಜ್ಜಿ ಹೋದಳು. ಮಳೆ ಬಂದಿರಲಿಲ್ಲ, ಇಬ್ಬನಿಯ ಹೊತ್ತೂ ಅಲ್ಲ. ಆದರೂ ಹಾಗಲದ ಎಲೆಗಳಿಂದ ಹನಿಗಳು ಬಿದ್ದವು.

"ಬೇವಣ್ಣ," ಎಂದಿತು ಹಾಗಲ, "ನನಗೊಂದು ಮಾತು ಹೇಳೋಕೂ ಬಿಡಲಿಲ್ಲ ನೋಡು. ಇನ್ನೂ ಇಲ್ಲ ಕಣವ್ವ, ತಡಿ ಅಂತ ಹೇಳೋಣ ಅಂತಿದ್ದೆ."

ಆ ಮಾತು ಕೊಂಬೆಯ ಮೇಲಿದ್ದ ಹೂವಿಗೆ ಕೇಳಿಸಿತು. ತನ್ನ ಒಂದು ಕೂಗಿಗೆ ಈ ಬಳ್ಳಿ ಲೋಕದಿಂದಲೇ ಹೊರಟುಹೋಗುತ್ತದೆ, ಇದರ ಮಕ್ಕಳನ್ನು ಯಾವ ಚಪ್ಪರವೂ ನೋಡುವುದಿಲ್ಲ. ಅದನ್ನು ನೆನೆದು ಅವಳಿಗೆ ಅಳು ಬಂತು.

ಮೆಲ್ಲಗೆ ಇಳಿದು ಬಂದು ಚಪ್ಪರದ ಬಿದಿರಿನ ಮೇಲೆ ಕೂತಳು.

"ಹಾಗಲಕ್ಕ, ತಪ್ಪಾಯ್ತು. ನಾನು ಕೇಳ್ದೆ ಕಚ್ಚಿದೆ."

"ಹೌದು, ಕಚ್ಚಿದೆ" ಎಂದಿತು ಹಾಗಲ. "ನೋವಾಯ್ತು ಕೂಡ."

"ಈಗ ಕೇಳಲಾ?"

"ಕೇಳು."

"ಆಯ್ತಾ?"

"ಇನ್ನೂ ಇಲ್ಲ" ಎಂದಿತು ಹಾಗಲ. ಹಾಗೆನ್ನುವಾಗ ಅದರ ಎಲೆಗಳಿಂದ ಹನಿ ಬೀಳುವುದು ನಿಂತಿತ್ತು.

ಮಾರನೆಯ ಬೆಳಗ್ಗೆ ಹೂವಿ ಮತ್ತೆ ಬಂದಳು. "ಆಯ್ತಾ?" "ಇನ್ನೂ ಇಲ್ಲ." ಅದರ ಮಾರನೆಯ ದಿನವೂ ಬಂದಳು. "ಆಯ್ತಾ?" "ಇನ್ನೂ ಇಲ್ಲ."

"ಅಕ್ಕ, ಬರೀ ಕೇಳಿ ಹೋದ್ರೆ ನಂಗೆ ಸಮಾಧಾನ ಇಲ್ಲ," ಎಂದಳು ಹೂವಿ. "ನಿನ್ನ ಕಂಡ್ರೆ ನನ್ನ ನಾಲಗೆ ಹೆದರ್ತದೆ. ಹೆದರಿದ ನಾಲಗೆ ಇಟ್ಕೊಂಡು ನಾಳೆ ಹೆಂಗೆ ರುಚಿ ನೋಡ್ಲಿ? ದಿನಾ ಸಾಸಿವೆ ಕಾಳಷ್ಟು ತಿನ್ಲಾ? ನೋಯಿಸಲ್ಲ."

"ತಿನ್ನವ್ವ" ಎಂದಿತು ಹಾಗಲ. ತನ್ನನ್ನು ಕೇಳಿ ತಿನ್ನುವವರು ಸಿಕ್ಕಿದ್ದೇ ಅದಕ್ಕೆ ಸಂತೋಷ.

ಮೊದಲ ದಿನ ಸಾಸಿವೆಯಷ್ಟು ತಿಂದು ಹೂವಿ ಹೊಳೆಯವರೆಗೆ ಒಂದೇ ಉಸಿರಿಗೆ ಹಾರಿದಳು. ನೀರಿಗೆ ಕೊಕ್ಕು ಹಾಕಿದಾಗ ತಲೆಯೆತ್ತಿ ನೋಡಿದಳು.

"ಹೊಳೆವ್ವ, ಇವತ್ತು ಬೆಲ್ಲ ಕಲಸ್ಕೊಂಡಿದ್ದೀಯಾ?"

"ಇಲ್ವಲ್ಲ ಕೂಸೇ. ದಿನದ ನೀರೇ."

ಹೂವಿ ಜುಟ್ಟು ಕೆರೆದುಕೊಂಡಳು. ಮತ್ತೊಮ್ಮೆ ಕುಡಿದಳು. ಸಿಹಿಯಾಗಿತ್ತು.

ಆಮೇಲಾಮೇಲೆ ಹೊಳೆಯವರೆಗೆ ಓಡುವುದು ನಿಂತಿತು. ಕಹಿ ಮೊದಲು ಬಾಗಿಲು ಒದ್ದುಕೊಂಡು ಬರುತ್ತಿತ್ತು, ಈಗ ಬಾಗಿಲು ತಟ್ಟಿ ಬರತೊಡಗಿತು. ಅದು ಹೋದ ಮೇಲೆ ನಾಲಗೆ ಗುಡಿಸಿ ನೀರು ಚಿಮುಕಿಸಿದ ಅಂಗಳದ ಹಾಗಿರುತ್ತಿತ್ತು. ಆ ನಾಲಗೆಗೆ ಎಳೆ ಬಿಸಿಲೂ ರುಚಿ, ಇಬ್ಬನಿಯೂ ರುಚಿ.

ಒಂದು ದಿನ ಬಾಳೆಗೊನೆ ಹಣ್ಣಾಗಿದೆಯೆಂದು ಎಲ್ಲರೂ ಹೊಳೆದಂಡೆಗೆ ಹೋದರು. ಹೂವಿಯೂ ಹೋದಳು. ಒಂದು ಹಣ್ಣು ತಿಂದಳು, ಚೆನ್ನಾಗಿತ್ತು. ಇನ್ನೊಂದು ತಿಂದಳು, ಪರವಾಗಿಲ್ಲ. ಮೂರನೆಯದಕ್ಕೆ ಕೊಕ್ಕು ಹಾಕಿದವಳು ಹಾಗೇ ನಿಂತಳು.

"ಯಾಕೆ, ಸೇರಲಿಲ್ವಾ?" ಎಂದಿತು ಕಾಗೆ.

"ಸಿಹಿ ಕಾಗಣ್ಣ. ಬರೀ ಸಿಹಿ" ಎಂದಳು ಹೂವಿ. ತನ್ನ ಮಾತು ಕೇಳಿ ತನಗೇ ಆಶ್ಚರ್ಯವಾಯಿತು. ನಾಲಗೆ ಏನನ್ನೋ ಹುಡುಕುತ್ತಿತ್ತು. ಅದು ಏನೆಂದು ತಿಳಿದಾಗ ಅವಳು ಬಾಳೆಹಣ್ಣು ಬಿಟ್ಟು ನೇರವಾಗಿ ಅಜ್ಜಿಯ ಹಿತ್ತಲಿಗೆ ಹಾರಿದಳು.

ಕೇಳಿ, ಕೊಕ್ಕಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದಳು. ಹಾಗಲ ಕಿಸಕ್ಕನೆ ನಕ್ಕಿತು.

"ಸಾಸಿವೆಯಷ್ಟು ಅಂದೆ. ಈಗ ನೋಡಿದ್ರೆ ಅವರೆಕಾಳಷ್ಟು ಕಿತ್ಕೊಂಡ್ಯಲ್ಲೇ!"

ಹೂವಿಯೂ ನಕ್ಕಳು. ಇಬ್ಬರೂ ನಕ್ಕ ನಗೆಗೆ ಚಪ್ಪರ ಅಲುಗಾಡಿತು. ಮಲಗಿದ್ದ ಕುಂಬಳಕಾಯಿ ಕಣ್ಣುಬಿಟ್ಟು, "ಏನ್ರೇ ಅದು ಗಲಾಟೆ?" ಎಂದು ಗದರಿ ಮತ್ತೆ ಮಲಗಿತು.

ಆದರೆ ಅವರೆ ಒಣಗುತ್ತಿತ್ತು. ಹೂವಿ ದಿನಾ ಅವರೆಯ ಕಡೆ ಒಮ್ಮೆ, ಹಾಗಲದ ಕಡೆ ಒಮ್ಮೆ ನೋಡುವಳು. ಅವರೆಯ ಎಲೆ ಹಳದಿಯಾಯಿತು, ಸಿಪ್ಪೆ ಕಂದಾಯಿತು. ಹಾಗಲ ಇನ್ನೂ ಹಸಿರು. "ಬೇಗ ಆಗಕ್ಕ" ಎನ್ನಲು ಹೋಗಿ ಹೂವಿ ಬಾಯಿ ಮುಚ್ಚಿಕೊಳ್ಳುವಳು. ಅವಸರ ಮಾಡಿದ್ದಕ್ಕೆ ಒಮ್ಮೆ ಆದದ್ದು ಸಾಕಿತ್ತು.

ಕೊನೆಗೊಂದು ಬೆಳಗ್ಗೆ ದಪ್ಪನೆಯ ಕಾಯಿಯ ತುದಿ ಹಳದಿಗೆ ತಿರುಗಿತು. ಮಧ್ಯಾಹ್ನಕ್ಕೆ ಅದು ಅರಿಸಿನ ಹಚ್ಚಿಕೊಂಡ ಮದುಮಗಳ ಹಾಗಿತ್ತು. ಹೂವಿ ಕುಣಿದಾಡಿದಳು. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು. ಪುಟ್ಟೀರಜ್ಜಿ ಅವರೆ ಕಿತ್ತು ರಾಶಿ ಹಾಕಿ, ಸೆರಗು ಬಿಗಿದು ಚಪ್ಪರದ ಕಡೆ ಬಂದಳು.

"ಅಯ್ಯೋ ಶಿವನೇ, ಕೊಳೆತೂ ಹೋಯ್ತಾ ಇದು" ಎಂದು ಹಾಗಲದ ಬುಡಕ್ಕೆ ಕೈ ಹಾಕಿದಳು.

"ಅಜ್ಜೀ, ತಡಿ!"

ಹೂವಿ ಬಾಣದ ಹಾಗೆ ಇಳಿದು ಬಂದು ಬಳ್ಳಿಯ ಬುಡದ ಮೇಲೆ ರೆಕ್ಕೆ ಹರಡಿ ಕೂತಳು. ಅಷ್ಟು ಪುಟ್ಟ ಹಕ್ಕಿ, ಜುಟ್ಟು ನೆಟ್ಟಗೆ.

ಅಜ್ಜಿಗೆ ನಗು ಬಂತು. "ಇದೇನೇ ಇದು? ಕಹಿ ಕಹಿ ಅಂತ ಊರಿಗೆಲ್ಲ ಸಾರಿದೋಳು ನೀನೇ ಅಲ್ವೇನೇ?"

"ನಾನೇ ಅಜ್ಜಿ. ನಾನು ಕೇಳ್ದೆ ಕಚ್ಚಿದ್ದೆ. ಕಾಯಿ ಇನ್ನೂ ಆಗೇ ಇರಲಿಲ್ಲ. ಪೂರ್ತಿ ನುಂಗಲೂ ಇಲ್ಲ, ಉಗಿದು ಕೂಗಿಬಿಟ್ಟೆ. ಈಗ ಎಲ್ಲರ ಮುಂದೆ ಒಂದ್ಸಲ ಕೇಳ್ತೀನಿ. ಆಗಲಿಲ್ಲ ಅಂದ್ರೆ ನೀನು ಕೀಳು."

ಕೂಗಾಟ ಕೇಳಿ ಎಲ್ಲರೂ ಓಡಿ ಬಂದರು. ತಾತ ನೋಯುವ ರೆಕ್ಕೆ ಎಳೆದುಕೊಂಡು ಬಂದು ಬೇವಿನ ಕೆಳಗಿನ ಕೊಂಬೆಯ ಮೇಲೆ ಕೂತ. ಗಾಳಿ ಬೀಸುವುದನ್ನು ಮರೆತು ನಿಂತಿತು. ಹೂವಿ ಹಳದಿ ಕಾಯಿಯ ಪಕ್ಕ ಹೋಗಿ ಕೂತಳು. ಇವತ್ತೂ ಇಲ್ಲ ಎಂದರೆ ಇನ್ನು ಎಂದೂ ಇಲ್ಲ.

"ಹಾಗಲಕ್ಕ," ಎಂದಳು ಮೆಲ್ಲಗೆ, "ಆಯ್ತಾ?"

ಕಾಯಿಯ ತುದಿಯಲ್ಲಿ ಒಂದು ಸಣ್ಣ ಗೆರೆ ಬಿಟ್ಟಿತು. ಗೆರೆ ಮೇಲಕ್ಕೆ ಓಡಿತು. ಅದರ ಪಕ್ಕ ಇನ್ನೊಂದು ಓಡಿತು.

"ಆಯ್ತೂ!" ಎಂದು ಹಾಗಲ ಗಟ್ಟಿಯಾಗಿ ನಕ್ಕೇಬಿಟ್ಟಿತು. ಎಷ್ಟು ದಿನ ಹಿಡಿದಿಟ್ಟ ನಗುವೋ ಏನೋ, ನಕ್ಕ ರಭಸಕ್ಕೆ ಹಣ್ಣು ಪಟ್ಟೆಂದು ಬಿರಿದು ಹೂವಿನ ಹಾಗೆ ಅರಳಿತು. ಸಿಪ್ಪೆ ಹಿಂದಕ್ಕೆ ಸುರುಳಿ ಸುತ್ತಿಕೊಂಡಿತು. ಒಳಗೆ ಸಾಲು ಸಾಲು ಬೀಜ, ಒಂದೊಂದು ಬೀಜಕ್ಕೂ ಕೆಂಪು ಕೆಂಪು ತಿರುಳಿನ ಹೊದಿಕೆ. ಲೋಕದಲ್ಲಿ ಯಾರೂ ಅಂಥ ಕೆಂಪನ್ನು ಅದುವರೆಗೆ ನೋಡಿರಲಿಲ್ಲ.

"ಅಯ್ಯಯ್ಯೋ, ಎಷ್ಟು ಚಂದ!" ಎಂದಳು ಅಜ್ಜಿ.

ಹೂವಿ ಮೊದಲು ಹಳದಿ ಸಿಪ್ಪೆಯನ್ನು ಒಂದು ಚೂರು ಕಚ್ಚಿದಳು. ಕಹಿ ಅಲ್ಲೇ ಇತ್ತು, ಹಳೇ ಗೆಳತಿಯ ಹಾಗೆ. ಆಮೇಲೆ ಕೆಂಪು ತಿರುಳನ್ನು ಬಾಯಿಗಿಟ್ಟಳು. ಸಿಹಿ! ಕಹಿಯ ಬೆನ್ನಿಗೇ ಬಂದ ಸಿಹಿ. ಅಗಿದಳು, ನುಂಗಿದಳು, ನಾಲಗೆ ಚಪ್ಪರಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು, ತಾತ ಕೂರುತ್ತಿದ್ದ ಹಾಗೆಯೇ. ಎಲ್ಲಿ ಕೂತಳು ಎನ್ನುತ್ತೀರಿ? ಬಿರಿದ ಹಣ್ಣಿನ ನಡುವೆಯೇ, ಆ ಕೆಂಪು ತಿರುಳಿನ ಮೇಲೆಯೇ! ರುಚಿ ನೋಡುವ ಸಂಭ್ರಮದಲ್ಲಿ ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಕೂಗಲು ಎತ್ತರದ ಕೊಂಬೆಗೆ ಹಾರಿದಳು. ಕಾಗೆ ಅಡ್ಡ ಬಂತು.

"ಅದಾಗಲ್ಲ ಕಣಮ್ಮ. ನೀನು ಕಹಿ ಅಂತ ಕೂಗಿಯಾಗಿದೆ. ಕೂಗಿದ ಮಾತು ಕೂಗಿದ್ದೇ. ಈಗ ಸಿಹಿ ಅಂತ ತಿರುಗಿಸಿದ್ರೆ ನಾಳೆ ಹುಣಸೇನೂ ಸಿಹಿ ಅಂತೀಯ."

ಎಲ್ಲರೂ ತಾತನ ಕಡೆ ನೋಡಿದರು.

"ನಾನು ತಿರುಗಿಸ್ತಿಲ್ಲ ಕಾಗಣ್ಣ" ಎಂದಳು ಹೂವಿ. "ಕಹಿ ಅಂದಿದ್ದೆ, ಕಹಿನೇ. ಈಗಲೂ ಕಹಿನೇ. ಆದ್ರೆ ನನ್ನ ಕೂಗು ಅವತ್ತು ಮುಗಿದಿರಲಿಲ್ಲ. ಅರ್ಧಕ್ಕೇ ಎದ್ದು ಓಡಿದ್ದೆ. ಉಳಿದದ್ದು ಈಗ ಕೂಗ್ತೀನಿ."

ಜುಟ್ಟು ನಿಮಿರಿಸಿ, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದಳು:

"ಕಹಿ! ಕಹಿ! ಇನ್ನೂ ಬೇಕು!"

ತಾತ ಗಂಟಲು ಸರಿಮಾಡಿಕೊಂಡ. "ಕೂಗು ಅಂದ್ರೆ ಇದು" ಎಂದ. "ಇಷ್ಟು ವರ್ಷ ಕೂಗಿದೆ, ಇಂಥದ್ದೊಂದು ರುಚಿ ನನ್ನ ಪಾಲಿಗೆ ಬರಲಿಲ್ಲವಲ್ಲೋ!" ಹೂವಿಗೆ ಕಣ್ಣು ತುಂಬಿ ಬಂತು.

ಆಮೇಲೆ ಕೇಳಬೇಕೇ? ಎಲ್ಲರೂ ಮುಗಿಬಿದ್ದರು. ಅಳಿಲು ತಿಂದು ಬಾಲ ನಿಗುರಿಸಿತು, ಆಮೇಲೆ "ಇನ್ನೂ ಬೇಕು" ಎಂದಿತು. ಕಾಗೆ ತಿಂದು ಮುಖ ಕಿವುಚಿತು, ಆ ಕಡೆ ಈ ಕಡೆ ನೋಡಿ ಮೆಲ್ಲಗೆ "ಇನ್ನೂ ಬೇಕು" ಎಂದಿತು. ಬೇವಿನ ಮರ "ನಾನ್ ಅವತ್ತೇ ಹೇಳ್ಲಿಲ್ವಾ?" ಎಂದು ಸಿಕ್ಕವರಿಗೆಲ್ಲ ಹೇಳಿತು.

ಪುಟ್ಟೀರಜ್ಜಿ ಹಾಗಲವನ್ನು ಕೇಳಿಕೊಂಡೇ ಎಳೆಯ ಹಸಿರು ಕಾಯಿಗಳನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಹೋದಳು. ಬಿಲ್ಲೆ ಹೆಚ್ಚಿ ಉಪ್ಪು ಹಚ್ಚಿ ಹಿಂಡಿದಳು, ಹುಣಸೆ ಹಿಂಡಿದಳು, ಬೆಲ್ಲ ಜಜ್ಜಿ ಹಾಕಿದಳು, ಸಾಸಿವೆ ಒಗ್ಗರಣೆ ಕೊಟ್ಟಳು. ಬಿಸಿ ಅನ್ನಕ್ಕೆ ಆ ಗೊಜ್ಜು ಕಲಸಿ ಮೊದಲ ತುತ್ತು ತಿಂದಾಗ ಅವಳ ಒಂದು ಕಣ್ಣು ಮುಚ್ಚಿಕೊಂಡಿತು. ಎರಡನೆಯ ತುತ್ತಿಗೆ ಎರಡೂ ಕಣ್ಣು ತೆರೆದವು. ಆಮೇಲೆ ತುತ್ತು ಎಷ್ಟಾಯಿತೋ ಅಜ್ಜಿಗೂ ಗೊತ್ತಿಲ್ಲ. ಗೊಜ್ಜಿನ ಗಡಿಗೆಯನ್ನು ಬೆರಳಿನಿಂದ ಬಳಿದು ನೆಕ್ಕಿದ್ದನ್ನು ಗಾಳಿ ಕಿಟಕಿಯಿಂದ ನೋಡಿತು.

ಕೈ ತೊಳೆದುಕೊಂಡು ಅಜ್ಜಿ ಹಿತ್ತಲಿಗೆ ಬಂದಳು. ಸೊಂಟದಲ್ಲಿದ್ದ ಹಳೇ ಚೂರನ್ನು ತೆಗೆದು ನೋಡಿದಳು, ಬೇಡವೆಂದು ಮತ್ತೆ ಸಿಕ್ಕಿಸಿಕೊಂಡಳು. ಉಟ್ಟ ಸೀರೆಯ ಸೆರಗಿನಂಚನ್ನೇ ಪರ್ರನೆ ಹರಿದು, ಇನ್ನೊಂದು ಬಲಿತ ಹಾಗಲದ ತೊಟ್ಟಿಗೆ ಕಟ್ಟಿದಳು.

"ಇದು ಬೀಜಕ್ಕೆ. ಇದನ್ನ ಯಾರೂ ಮುಟ್ಟಕೂಡದು."

ಹಾಗಲಬಳ್ಳಿ ಎಲೆಯೆಲೆಯೂ ಅಲ್ಲಾಡಿಸಿ ಹಿಗ್ಗಿತು. ಈ ಸಲವೂ ಎಲೆಗಳಿಂದ ಹನಿ ಬಿದ್ದವು. ಅದು ಸಂತೋಷಕ್ಕೆ.

ಹೂವಿಯ ಬಾಲದಡಿಯ ಕೆಂಪನ್ನು ಮೊದಲು ನೋಡಿದ್ದು ಅಳಿಲು. "ಅಯ್ಯೋ, ಬುಡ ನೋಡ್ರೋ, ಬುಡ!" ಎಂದು ಕಿರುಚಿತು. ಮೇಲೆ ಜುಟ್ಟು, ಕೆಳಗೆ ಕೆಂಪು. ಹಿತ್ತಲೆಲ್ಲ ನಕ್ಕಿತು. ಆದರೆ ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ಹೂವಿಯೇ.

"ಬಾ ಕೂಸೇ, ತೊಳೀತೀನಿ" ಎಂದು ಹೊಳೆ ಕರೆಯಿತು. "ಜುಟ್ಟನ್ನೂ ಇನ್ನೊಂದ್ಸಲ ನೋಡೋಣ."

"ಬೇಡ ಹೊಳೆವ್ವ," ಎಂದಳು ಹೂವಿ. "ಎರಡೂ ಇರ್ಲಿ. ನೋಡೋರಿಗೆ ಗೊತ್ತಾಗ್ಲಿ."

ಹೂವಿ ನುಂಗಿದ ಬೀಜಗಳು ಅವಳು ಹಾರಿದ ಕಡೆಯೆಲ್ಲ ಬಿದ್ದವು. ಬೇಲಿಯ ಮೇಲೆ, ಪೊದೆಯ ಬುಡದಲ್ಲಿ, ಹಾಳು ಗೋಡೆಯ ಪಕ್ಕದಲ್ಲಿ. ಯಾರೂ ಬಿತ್ತದ ಜಾಗದಲ್ಲಿ ಇವತ್ತಿಗೂ ಹಾಗಲಬಳ್ಳಿ ಹಬ್ಬುವುದು ಅದಕ್ಕೇ. ಕಾಯಿಯ ಮೈ ತುಂಬ ಉಬ್ಬಿರುವುದು ಅವತ್ತಿನ ನಾಚಿಕೆಗೆ, ಹಣ್ಣಾದಾಗ ಬಿರಿದು ಅರಳುವುದು ಅವತ್ತಿನ ನಗುವಿಗೆ.

ನಾಳೆ ಬೆಳಗ್ಗೆ ಬೇಲಿಯ ಮೇಲೆ ಪಿಕಳಾರ ಬಂದು ಕೂತಾಗ ಸರಿಯಾಗಿ ನೋಡಿ. ಅದು ಕಾಯಿಯ ಹತ್ತಿರ ಕತ್ತು ಬಗ್ಗಿಸಿ ಏನೋ ಕೇಳುತ್ತದೆ, ಉತ್ತರ ಬಂದ ಮೇಲೆಯೇ ಕೊಕ್ಕಿಡುತ್ತದೆ. ಅದರ ತಲೆಯ ಮೇಲೆ ನಿಂತಿರುವ ಜುಟ್ಟು ಹೂವಿಯ ಮೊದಲ ತುತ್ತಿನದು, ಬಾಲದ ಕೆಳಗಿನ ಕೆಂಪು ಅವಳು "ಇನ್ನೂ ಬೇಕು" ಎಂದ ತುತ್ತಿನದು.